ಮೆಟ್ಟಿಲಿಲ್ಲದ ದ್ವೀಪ

“ಬುಕಿಂಗ್ ಕ್ಯಾನ್ಸಲ್ ಮಾಡ್ಬಿಡು ಕಣೇ. ಅಷ್ಟೊಂದು ಮೆಟ್ಟಿಲು ನನ್ನಿಂದ ಹತ್ತೋಕಾಗಲ್ಲ,” ಎಂದು ನನ್ನವರು ಮೊಬೈಲನ್ನು ನನ್ನ ಕೈಗಿತ್ತರು. ಅವರ ಮಂಡಿ ಆಪರೇಷನ್ ಆಗಿತ್ತು. ಐರೋಲಿಯ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಸರದಿಗಾಗಿ ಕೂತಿದ್ದೆವು. ಎಲ್ಲಿ ಹೋದರೂ ಮೆಟ್ಟಿಲುಗಳೇ ಇರುವ ಗ್ರೀಸಿನ ಸ್ಯಾಂಟೊರಿನಿ ದ್ವೀಪ ನೋಡಬೇಕೆಂಬುದು ನಮ್ಮಿಬ್ಬರ ಎಷ್ಟೋ ವರ್ಷಗಳ ಆಸೆ.

ಪಕ್ಕದಲ್ಲಿ ಕೋಲು ಹಿಡಿದು ಕೂತಿದ್ದ ಹಿರಿಯರು ತಟ್ಟನೆ ನಮ್ಮತ್ತ ತಿರುಗಿದರು. “ಅಲ್ಲೇ ಹತ್ತಿರದ ನಾಕ್ಸೋಸ್ ದ್ವೀಪಕ್ಕೆ ಹೋಗಿ ಮಾರಾಯ್ರೆ. ಬಂದರಿನ ಹತ್ತಿರವೇ ರೂಮು ತಗೊಳ್ಳಿ. ಸಮುದ್ರದವರೆಗೂ ಸಮತಟ್ಟು ದಾರಿ ಉಂಟು,” ಎಂದು ತಡವರಿಸುತ್ತಲೇ ಹೇಳಿದರು. ಹಡಗಿನಲ್ಲಿ ಅಡುಗೆಯವರಾಗಿದ್ದಾಗ ಅಲ್ಲಿ ಇಳಿದಿದ್ದರಂತೆ. ನಡುಗುವ ಕೈಯಲ್ಲೇ ಒಂದು ಚೀಟಿಯ ಮೇಲೆ ಹಡಗುಕಟ್ಟೆ, ಬೀದಿ, ಮರಳ ದಂಡೆ ಎಲ್ಲವನ್ನೂ ಗೀಚಿ ತೋರಿಸಿದರು.

ಜೊತೆಗೆ ಬಂದಿದ್ದ ಅವರ ಹೆಂಡತಿಯ ಕಣ್ಣು ತುಂಬಿತ್ತು. “ಲಕ್ವ ಹೊಡೆದ ಮೇಲೆ ಇವರು ಇಷ್ಟು ಮಾತಾಡಿದ್ದು ಇವತ್ತೇ ನೋಡಿ,” ಎಂದರು.

ನಾಕ್ಸೋಸಿನಲ್ಲೇ ಕೋಣೆ ಗೊತ್ತು ಮಾಡಿದ್ದೇವೆ. ಅಲ್ಲಿಂದ ಫೋಟೋ ಕಳಿಸುತ್ತೇವೆಂದು ಆ ಹಿರಿಯರಿಗೆ ಮಾತು ಕೊಟ್ಟಿದ್ದೇವೆ. ವ್ಯಾಯಾಮವೆಂದರೆ ಗೊಣಗುತ್ತಿದ್ದ ನನ್ನವರು ಈಗ ಕ್ಲಿನಿಕ್ಕಿಗೆ ಹೊರಡಲು ನಾನು ಕರೆಯುವ ಮೊದಲೇ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾರೆ.