ಅತ್ತಿಗೆಯ ಹಾಳೆಯಲ್ಲಿ ಎಲ್ಲವೂ ಹೆಚ್ಚಾಗಿತ್ತು

ನಮ್ಮ ಅತ್ತಿಗೆ ಅಂಜನಮ್ಮ ಕಂಪ್ಯೂಟರಿನ ಮುಂದೆ ಕೂತರೆ ಮೊದಲು ಏನನ್ನೂ ಮುಟ್ಟುತ್ತಿರಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಪರದೆಯನ್ನೇ ನೋಡುತ್ತಿದ್ದರು.

"ಈ ಮನೆಗಳನ್ನ ನೋಡಿದ್ರೆ ಕುಂಟೆಬಿಲ್ಲೆ ಆಡ್ಬೇಕು ಅನ್ಸುತ್ತೆ ಕಣೋ ಜೀವನ್."

ಫ್ಯಾನು ತಿರುಗುತ್ತಿತ್ತು. ಹೊಸಹಳ್ಳಿಯ ಭಾನುವಾರದ ಮಧ್ಯಾಹ್ನ ಕಿಟಕಿಯಲ್ಲಿ ತೂಕಡಿಸುತ್ತಿತ್ತು. ಪರದೆಯ ಬಿಳಿ ಚೌಕಗಳ ಮೇಲೆ ಅತ್ತಿಗೆ ಒಂಟಿಕಾಲಿನಲ್ಲಿ ಎಲ್ಲಿಗೋ ಹೋಗಿಬಿಟ್ಟಿರುತ್ತಿದ್ದರು.

ಆ ಚೌಕಗಳನ್ನು ತಂದಿಟ್ಟವನು ನಾನು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಬೋಲ್ಟು ಪೆಟ್ಟಿಗೆಗಳ ಪಟ್ಟಿ ಮಾಡುವ ಗುಮಾಸ್ತ. ಪಟ್ಟಿ ಮಾಡಿದರೆ ಜಗತ್ತೇ ಸರಿಹೋಗುತ್ತದೆ ಎಂದು ನಂಬಿದ್ದೆ. ನನ್ನ ಅಂಗಿಯ ಗುಂಡಿ ಕಿತ್ತುಹೋಗಿ ಮೂರು ತಿಂಗಳಾಗಿದ್ದುದು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅದು ಎರಡು ಸಾವಿರದ ಎಂಟು. ಅತ್ತಿಗೆ ಮೂವತ್ತೆರಡನೇ ವಯಸ್ಸಿನಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದರು. ಹದಿನಾರರಲ್ಲಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಬಿಟ್ಟಿದ್ದ ಓದು. ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದು. ತರಕಾರಿಗೆ ಹೋದಾಗಲೆಲ್ಲ ಆರ್‌ಪಿಸಿ ಲೇಔಟಿನ ಅಂಗನವಾಡಿಯ ಕಿಟಕಿಯ ಹತ್ತಿರ ನಿಂತು, ಒಳಗಿನ ಮಕ್ಕಳ ಪದ್ಯಕ್ಕೆ ತುಟಿ ಆಡಿಸಿ ಬರುತ್ತಿದ್ದರು.

ಇಬ್ಬರು ಎರಡು ಕಡೆ ಕೂತು ಒಟ್ಟಿಗೆ ಬರೆಯಬಹುದಾದ ಹಾಳೆ ಇಂಟರ್‌ನೆಟ್ಟಿಗೆ ಹೊಸದಾಗಿ ಬಂದಿತ್ತು. ಎಡಗಡೆ 'ಮನೆ', ಬಲಗಡೆ 'ಓದು' ಎಂದು ಭಾಗ ಮಾಡಿಕೊಟ್ಟೆ. ಒಂದೊಂದು ಸಾಮಾನಿನ, ಒಂದೊಂದು ಪಾಠದ ಎದುರಿಗೂ ಅದರ ಸ್ಥಿತಿ ಬರೆಯಬೇಕು. ಅವರು ಮನೆಯಲ್ಲಿ ಬರೆದದ್ದನ್ನು ನಾನು ಆಫೀಸಿನಲ್ಲಿ ನೋಡುವುದು.

"ಇಲ್ಲಿ ಬರೆದ್ರೆ ನಿಂಗಲ್ಲಿ ಕಾಣುತ್ತಾ? ಇಬ್ರಿಗೂ ಒಂದೇ ಕನಸು ಬಿದ್ದಂಗೆ!" ಎಂದರು ಅತ್ತಿಗೆ.

ಮೊದಲ ವಾರವೇ ಅಕ್ಕಿಯ ಎದುರು 'ಹೆಚ್ಚಾಗಿದೆ' ಎಂದು ಕಂಡಿತು. ಭೇಷ್ ಎಂದುಕೊಂಡು ಕೈಬೀಸಿಕೊಂಡು ಮನೆಗೆ ಬಂದೆ.

"ಅಕ್ಕಿ ಎಲ್ಲೋ?"

"ಹೆಚ್ಚಾಗಿದೆ ಅಂತ ನೀವೇ ಬರ್ದಿದ್ರಲ್ಲ ಅತ್ತಿಗೆ!"

"ಖಾಲಿ ಅಂತ ಬರೀತಾರೇನೋ? ಮನೇಲಿ ಅಕ್ಕಿ ಇಲ್ಲ ಅನ್ಬಾರ್ದು. ಹೆಚ್ಚಾಗಿದೆ ಅನ್ಬೇಕು. ನಮ್ಮಮ್ಮ ಹಂಗೇ ಕಲಿಸಿರೋದು."

ಉಪ್ಪಿಟ್ಟಿನ ತಟ್ಟೆ ಹಿಡಿದ ನಮ್ಮಣ್ಣ ನಂಜುಂಡಪ್ಪ ನಕ್ಕ. "ಇವನಿಗೆ ಕಂಪ್ಯೂಟರ್ ಬರುತ್ತೆ ಕಣೇ, ಕನ್ನಡ ನೀನೇ ಕಲಿಸು."

ಕಲಿತೆ. ಬೇಳೆ ಹೆಚ್ಚಾಗಿದೆ, ಎಣ್ಣೆ ಹೆಚ್ಚಾಗಿದೆ. ಓದಿದ ಕೂಡಲೇ ಚೀಲ ಹಿಡಿಯುತ್ತಿದ್ದೆ. ಫೆಬ್ರವರಿಯ ಹೊತ್ತಿಗೆ ಬಲಗಡೆಯೂ ತುಂಬಿತು. ಇಂಗ್ಲಿಷಿನ ಪಾಠಪಾಠದ ಎದುರೂ 'ಹೆಚ್ಚಾಗಿದೆ'. ಪಕ್ಕದ ಮೇಜಿನ ನಾಣಿಗೆ ಕೊಚ್ಚಿಕೊಂಡೆ: "ನಮ್ಮತ್ತಿಗೆ ಫಸ್ಟ್ ಕ್ಲಾಸೇ ಗುರು."

ಪರೀಕ್ಷೆಗೆ ಇಪ್ಪತ್ತು ದಿನವಿರುವಾಗ ಸುಮ್ಮನೆ ಕೇಳಿದೆ. "ರಾಮ ಈಟ್ಸ್ ಎ ಮ್ಯಾಂಗೋ. ಪ್ಯಾಸಿವ್ ವಾಯ್ಸ್ ಹೇಳಿ, ಅತ್ತಿಗೆ."

ಅವರು ಕಿಟಕಿಯಾಚೆ ನೋಡಿದರು. "ಬರಲ್ಲ ಕಣೋ."

"ಹೆಚ್ಚಾಗಿದೆ ಅಂತ ಬರ್ದಿದೀರಲ್ಲ?"

"ವಿದ್ಯೆನೂ ಇಲ್ಲ ಅನ್ಬಾರ್ದಲ್ವಾ," ಎಂದರು ಮೆಲ್ಲಗೆ.

ಒಂದೇ ಹಾಳೆ. ಎಡಗಡೆ ಅರ್ಥವಾದ ಮಾತು ಬಲಗಡೆ ಅರ್ಥವಾಗದ ನನ್ನಂಥ ಬುದ್ಧಿವಂತ ಆ ಇಡೀ ಎಸ್ಟೇಟಿನಲ್ಲಿ ಇನ್ನೊಬ್ಬನಿರಲಿಲ್ಲ. ತಿಂಗಳಿಡೀ ಅವರು ಬೇಕು ಬೇಕು ಎಂದು ಕೇಳುತ್ತಲೇ ಇದ್ದರು. ನಾನು ಚೀಲ ಹಿಡಿದಿರಲಿಲ್ಲ.

ಮರುದಿನದಿಂದ ಓದಿನ ಮಟ್ಟಿಗೆ ಹಾಳೆ ಬಿಟ್ಟು ಸೀಮೆಸುಣ್ಣ ಹಿಡಿದೆ. ಬೆಳಗ್ಗೆ ತಾರಸಿಯ ಮೇಲೆ ಕುಂಟೆಬಿಲ್ಲೆಯ ಮನೆ ಬರೆದು, ಒಂದರಲ್ಲಿ ರಾಮ, ಒಂದರಲ್ಲಿ ಮಾವಿನಹಣ್ಣು ಎಂದು ತುಂಬಿಸಿದೆ. ಮಾವಿನಹಣ್ಣು ರಾಮನ ಮನೆಗೆ ಬರಬೇಕು. ರಾಮ ಕೊನೆಯ ಮನೆಗೆ ಹೋಗಬೇಕು, 'ಬೈ' ಮೇಲೆ ಕಾಲಿಟ್ಟು. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಹಿಡಿದು ಕುಪ್ಪಳಿಸಿದರು. "ಎ ಮ್ಯಾಂಗೋ... ಈಸ್ ಈಟನ್... ಬೈ ರಾಮ!" ಒಣಹಾಕಿದ ಬಟ್ಟೆಗಳ ನಡುವೆ, ಎಳೆಬಿಸಿಲಿನಲ್ಲಿ ಅವರ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮಾರನೆಯ ದಿನ ಬೇರೆ ವಾಕ್ಯ, ಬೇರೆ ಮನೆ.

ಪರೀಕ್ಷೆಯ ದಿನ "ಬರ್ತೀನಿ" ಎಂದು ಹೊರಟರು. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ನಾನು ಆಫೀಸಿನಲ್ಲಿದ್ದೆ. ಫೋನು ಮಾಡಲು ಧೈರ್ಯವಾಗದೆ ಹಾಳೆ ತೆರೆದೆ. ಪುಟ ಬಿಚ್ಚಿಕೊಳ್ಳಲು ಎಂದಿನಂತೆ ಯುಗವಾಯಿತು.

ಎಡಗಡೆ, ಉಪ್ಪಿನ ಎದುರು: 'ಹೆಚ್ಚಾಗಿದೆ'.

ಬಲಗಡೆ, ಇಂಗ್ಲಿಷಿನ ಎದುರು ಹಳೆಯದನ್ನೆಲ್ಲ ಅಳಿಸಿ ಒಂದೇ ಮಾತು: 'ಇದೆ'.

ಸಂಜೆ ಬರುವಾಗ ಮರೆಯದೆ ಉಪ್ಪು ತಂದೆ.