ಗೋಡೆಯ ಮೇಲೆ ಬದುಕಿದ್ದವರು

ಭಾಗ್ಯನಗರದ ಫೋಟೊಗ್ರಾಫರ್ ಓಬಳೆಪ್ಪ ಕಳೆದ ಮಂಗಳವಾರ ಸಂಜೆ ಯಲಬುರ್ಗಾದಿಂದ ಕೊಪ್ಪಳಕ್ಕೆ ಬರುವ ಬಸ್ಸಿನಲ್ಲಿ ತೀರಿಕೊಂಡ. ಐವತ್ತೊಂದು ವರ್ಷ. ನಿದ್ದೆ ಹತ್ತಿರಬೇಕೆಂದು ಕಂಡಕ್ಟರ್ ಎರಡು ಸಲ ಕೂಗಿದನಂತೆ. ಅವನನ್ನು ಬಲ್ಲವರು ಇದರಲ್ಲಿ ಹೊಸದೇನೂ ಕಾಣಲಿಲ್ಲ. ಬೆಳಕು ನೋಡುತ್ತ ನಿಂತನೆಂದರೆ ಓಬಳೆಪ್ಪ ನಾಲ್ಕು ಸಲ ಕೂಗಿದರೂ ತಿರುಗುತ್ತಿರಲಿಲ್ಲ.

ಈ ಸೀಮೆಯಲ್ಲಿ ಬದುಕಿರುವವರ ಫೋಟೊ ಅರ್ಜಿಗೆ, ಸತ್ತವರದು ಗೋಡೆಗೆ. ಬದುಕಿರುವವರನ್ನು ಗೋಡೆಗೆ ತೂಗುಹಾಕಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಜನ ಅಂಜುತ್ತಿದ್ದರು. ಹಾಗಾಗಿ ಓಬಳೆಪ್ಪನ ಕ್ಯಾಮೆರಾದ ಮುಂದೆ ನೆಟ್ಟಗೆ ಕೂತವರಲ್ಲಿ ಹೆಚ್ಚಿನವರು ಹೆಣಗಳು. ಕುರ್ಚಿಯಲ್ಲಿ ಕೂರಿಸಿ, ಹೂ ಹಾಕಿ, ಅವನಿಗೆ ಹೇಳಿಕಳಿಸುತ್ತಿದ್ದರು. ಅವನು ಕರಿ ಬಟ್ಟೆಯೊಳಗೆ ತಲೆ ಹಾಕಿ, ರೂಢಿಬಿದ್ದ ಬಾಯಿಯಿಂದ, “ಅಲಗ್ಯಾಡಬ್ಯಾಡ್ರಿ” ಎಂದುಬಿಡುತ್ತಿದ್ದ. ಅಳುತ್ತಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ಗೋಡೆ ಕಡೆ ತಿರುಗುತ್ತಿದ್ದರು.

ಎಂಬತ್ತೊಂದನೇ ಇಸವಿಯಲ್ಲಿ ಫೋಟೊ ಕಾಗದ ತರಲು ಹುಬ್ಬಳ್ಳಿಗೆ ಹೋದಾಗ, ಬಿಸಿಲಿಗೆ ಬೆಂದು, ಫ್ಯಾನಿನ ಸದ್ದು ಕೇಳಿ ಒಂದು ಸಭಾಂಗಣದೊಳಗೆ ಹೊಕ್ಕ. ಅಲ್ಲಿ ಛಾಯಾಚಿತ್ರ ಪ್ರದರ್ಶನ ನಡೆದಿತ್ತು. ಗೋಡೆಯ ಮೇಲೆ ಒಬ್ಬ ಮನುಷ್ಯ ಬಸಿಯಲ್ಲಿ ಚಹಾ ಊದುತ್ತಿದ್ದ. ಓಬಳೆಪ್ಪ ಕೈಮುಗಿದು ಕಾವಲಿನವನನ್ನು ಕೇಳಿದ, “ಯಾವಾಗ ತೀರಿಕೊಂಡ್ರು ಇವ್ರು?”

“ಇವ್ರಾ? ಈಗ ಹೊರಗ ಹೋದ್ರಲ್ಲ, ಚಾ ಕುಡ್ಯಾಕ.”

ಫೋಟೊ ಕಾಗದ ಮರೆತು ವಾಪಸ್ ಬಂದ. ಕೊಪ್ಪಳದಲ್ಲೂ ಬದುಕಿರುವವರನ್ನು ಗೋಡೆಗೆ ಹಾಕಬೇಕು, ಜನ ಕೈಮುಗಿಯದೆ ಬರೀ ನೋಡಬೇಕು. ಇಷ್ಟೇ ಅವನ ಹಟ. ಇದೊಂದು ಆಗದಿದ್ದರೆ ತಾನು ಹೆಣದ ಫೋಟೊಗ್ರಾಫರ್ ಆಗಿಯೇ ಸಾಯುವುದು ಖಾತ್ರಿ ಎಂದು ಗೆಳೆಯರ ಮುಂದೆ ಗಂಭೀರವಾಗಿ ಹೇಳುತ್ತಿದ್ದ.

ಎರಡು ವರ್ಷ ತಿರುಗಿದ. ಕುಷ್ಟಗಿ ಕ್ರಾಸಿನಲ್ಲಿ ದಾಳಿಂಬೆ ತೂಗುವವರು, ಗಂಗಾವತಿಯ ಕಾಲುವೆ ಗದ್ದೆಯಲ್ಲಿ ನಾಟಿ ಮಾಡುವವರು, ಅಳವಂಡಿಯ ಕಣದಲ್ಲಿ ಜೋಳ ತೂರುತ್ತ ಎರಡೇ ಹಲ್ಲಿನಲ್ಲಿ ಬಾಯ್ತುಂಬ ನಗುವ ಗಾಳೆಮ್ಮ ಎಂಬ ಮುದುಕಿ. ಒಟ್ಟು ಇಪ್ಪತ್ತೆರಡು ಫೋಟೊ. ಚೌಕಟ್ಟು ಹಾಕಿದವಳು ಅಮೀನಾಬೀ. ಅವಳ ಅಂಗಡಿಯ ಪ್ರತಿ ಚೌಕಟ್ಟಿನ ನೆತ್ತಿಯ ಮೇಲೂ ಮಾಲೆಗೆಂದು ಎರಡು ಮೊಳೆ ಇರುತ್ತಿದ್ದವು.

“ಅಕ್ಕಾ, ಇವ್ರೆಲ್ಲಾ ಬದಕ್ಯಾರ. ಮೊಳಿ ಯಾಕ?”

“ಇರ್ಲಿ ಬಿಡಪಾ, ಯಾರ ಕಾಯಂ ಇರತಾರ? ಮುಂದ ಉಪಯೋಗಕ್ಕ ಬರತಾವು.”

ಎಂಬತ್ಮೂರರ ಬೇಸಿಗೆ ರಜೆಯಲ್ಲಿ ಕೊಪ್ಪಳದ ಒಂದು ಶಾಲೆಯ ಕೋಣೆಯಲ್ಲಿ ಪ್ರದರ್ಶನ ಶುರುವಾಯಿತು. ಮೊದಲು ಬಂದವರು ನಿವೃತ್ತ ಜವಾನ ಹೇಮಪ್ಪ. ಚಪ್ಪಲಿ ಹೊರಗೆ ಬಿಟ್ಟು, ಟೋಪಿ ತೆಗೆದು, ಒಂದೊಂದು ಫೋಟೊಕ್ಕೂ ಕೈಮುಗಿಯುತ್ತ ಸಾಗಿದರು. “ಒಮ್ಮೆಲೆ ಇಷ್ಟು ಮಂದಿ! ಏನ್ ಬ್ಯಾನಿ ಬಂದಿತ್ತಪಾ?”

ಮಧ್ಯಾಹ್ನದ ಹೊತ್ತಿಗೆ ಅಮೀನಾಬೀಯ ಮೊಳೆಗಳಿಗೆಲ್ಲ ಮಾಲೆ ಬಿದ್ದವು. ಊದಿನಕಡ್ಡಿಯ ಹೊಗೆಯಲ್ಲಿ ಫೋಟೊಗಳೇ ಕಾಣದಾದವು. ಓಬಳೆಪ್ಪ ಸುಣ್ಣದಕಡ್ಡಿ ತಂದು ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದ: ಇವರೆಲ್ಲ ಬದುಕಿದ್ದಾರೆ. ಹೇಮಪ್ಪ ಓದಿ ಕಣ್ಣೊರೆಸಿಕೊಂಡರು. “ಖರೇ ಐತಿ. ಛಲೋ ಮಂದಿ ಎಲ್ಲಿ ಸಾಯ್ತಾರ?”

ಅಳವಂಡಿಯವನೊಬ್ಬ ಗಾಳೆಮ್ಮನ ಮಾಲೆ ನೋಡಿ ಮುಂದಿನ ಬಸ್ಸಿಗೇ ಊರಿಗೆ ಹೋಗಿ ಸುದ್ದಿ ಮುಟ್ಟಿಸಿದ. ಮುದುಕಿ ಮಗಳ ಮನೆಗೆಂದು ಕುಷ್ಟಗಿಗೆ ಹೋದವಳು ನಾಲ್ಕು ದಿನದಿಂದ ಊರಲ್ಲಿರಲಿಲ್ಲ. ಸತ್ತಿಲ್ಲವೆನ್ನಲು ಯಾರಿದ್ದಾರೆ? ಮರುದಿನ ಬೆಳಿಗ್ಗೆ ಅವಳ ಮಗ ವಿರುಪಣ್ಣ, ಯಲಬುರ್ಗಾದಲ್ಲಿ ಗುಮಾಸ್ತ, ಶಾಲೆಯ ಕೋಣೆಗೆ ಬಂದವನೇ ಫೋಟೊದ ಕೆಳಗೆ ಕುಸಿದು ಕೂತ.

“ನಿಮ್ಮವ್ವ ಅದಾಳೋ ಮಾರಾಯಾ!” ಎಂದ ಓಬಳೆಪ್ಪ.

“ಎಲ್ಲಿ ಅದಾಳ ತೋರ್ಸು ಹಂಗಾರ!”

ತೋರಿಸಲು ಓಬಳೆಪ್ಪನ ಹತ್ತಿರ ಇದ್ದದ್ದು ಆ ಫೋಟೊ ಮಾತ್ರ. ಸೇರಿದವರು ಗದ್ದಲವೆಬ್ಬಿಸಿದರು. ಇದು ಅಪಶಕುನ, ಎಲ್ಲವನ್ನೂ ಇಳಿಸು, ಮೊದಲು ಮುದುಕಿಯದು ಇಳಿಸು. ಎರಡು ವರ್ಷ ತಿರುಗಿ ಗೋಡೆಗೇರಿಸಿದ್ದು ಎರಡು ದಿನವೂ ಉಳಿಯುವಂತಿರಲಿಲ್ಲ. ಓಬಳೆಪ್ಪ ಸ್ಟೂಲ್ ಹತ್ತಿದ. ಚೌಕಟ್ಟಿಗೆ ಕೈಹಾಕಿದ್ದಾನೆ, ಅಷ್ಟರಲ್ಲಿ ಬಾಗಿಲಲ್ಲಿ ಗಾಳೆಮ್ಮ. ತಾನು ಸತ್ತ ಸುದ್ದಿ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೇ ಸಿಕ್ಕಿತ್ತು.

“ಯಾವನಲೇ ನನ್ನ ಸಾಯಿಸಿದಾಂವ?”

“ನಾ ಸಾಯಿಸಿಲ್ಲ ಬೇ,” ಸ್ಟೂಲಿನ ಮೇಲಿಂದ ಓಬಳೆಪ್ಪ ಅಂದ, “ಬರೀ ಗ್ವಾಡಿಗೆ ಹಾಕೀನಿ.”

ಮುದುಕಿ ಮಗನ ಕಡೆ ನೋಡಿದಳು. “ಇಂವ ಯಾವಾಗಿಂದ ಅಳಾಕತ್ಯಾನ?”

“ಮುಂಜಾನಿಂದ,” ಎಂದ ಓಬಳೆಪ್ಪ.

“ಅಮಾಸಿಗೆ ಬಾ ಅಂದ್ರ ರಜಾ ಇಲ್ಲಂದಿದ್ದೆಲ್ಲೋ ಭಾಡ್ಯಾ. ಈಗ ಹ್ಯಾಂಗ ಸಿಕ್ತು?” ಅವಳ ಸಿಟ್ಟು ಅರ್ಧ ಇಳಿದಿತ್ತು. ಆಮೇಲೆ ಫೋಟೊದ ಹತ್ತಿರ ಹೋಗಿ ನಿಂತಳು. ಭಾಳ ಹೊತ್ತು ನಿಂತಳು. ಆ ಕೋಣೆಯಲ್ಲಿ ಕೈಮುಗಿಯದೆ ಫೋಟೊ ನೋಡಿದ ಮೊದಲನೆಯವಳು ಅವಳೇ.

“ಹೊಟ್ಟು ಹಾರೂದು ಸುದ್ದಾ ಕಾಣತೈತಲ್ಲೋ,” ಎಂದಳು ಮೆಲ್ಲಗೆ. “ಮಾಲಿ ತಗಿ. ನನ್ನ ತಗೀಬ್ಯಾಡ.”

ಮತ್ತೆ ಯಾರೂ ಅಳಬಾರದೆಂದು ಎರಡು ದಿನ ಫೋಟೊದ ಕೆಳಗೇ ಎಲಿಅಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಬಂದವರು ಅವಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ ತಕರಾರು ತೆಗೆದರು. ಮೂಗು ಸರಿ ಬಂದಿದೆ, ಕಿವಿ ತುಸು ದೊಡ್ಡದಾಯಿತು, ಬಿಸಿಲು ಮಾತ್ರ ಥೇಟ್ ನಮ್ಮೂರಿನದೇ. ಉಳಿದ ಫೋಟೊಗಳ ಮುಂದೆಯೂ ಅದೇ ತಕರಾರು. ಓಬಳೆಪ್ಪ ಮೂಲೆಯಲ್ಲಿ ನಿಂತು ಒಂದೊಂದು ಬೈಗುಳವನ್ನೂ ಸನ್ಮಾನದ ಹಾಗೆ ಸ್ವೀಕರಿಸಿದ.

ಆಮೇಲಿನ ಐದು ವರ್ಷದಲ್ಲಿ, ಬದುಕಿರುವಾಗಲೇ ಗೋಡೆಗೆ ಹಾಕಿಸಿಕೊಳ್ಳುತ್ತೇವೆಂದು ಮುಂದೆ ಬಂದ ಮನೆಗಳು ಹನ್ನೊಂದೋ ಹನ್ನೆರಡೋ. ಅವನಿಗೆ ಅಷ್ಟು ಸಾಕಿತ್ತು. ಫೋಟೊ ಕೊಟ್ಟು ಬರುತ್ತಿರಲಿಲ್ಲ, ತಾನೇ ಹೋಗಿ ಮೊಳೆ ಹೊಡೆಯುತ್ತಿದ್ದ.

ಮಂಗಳವಾರ ಯಲಬುರ್ಗಾದಲ್ಲಿ ಎಪ್ಪತ್ತು ದಾಟಿದ ಫಕೀರಮ್ಮನ ಮನೆಗೆ ಹೋಗಿದ್ದ. ಅವಳು ಮೂರು ಸಲ ಜಾಗ ಬದಲಿಸಿದಳು. ಮೂರು ಸಲವೂ ಹೊಡೆದ ಮೊಳೆ ಕಿತ್ತ. “ಬಾಗಿಲಿಗೆ ಎದುರಾ ಹಾಕ್ರಿ. ಹಾದಿಗೆ ಹೋಗೋ ಸೊಸೀ ತವರಿನವ್ರಿಗೆ ಕಾಣ್ಲಿ, ನಾ ಇನ್ನೂ ಅದೀನಿ ಅಂತ.” ನಾಲ್ಕನೆಯ ಸಲ ಹೊಡೆದು, ಉದುರಿದ ಮಣ್ಣನ್ನು ತನ್ನ ಟವೆಲಿನಿಂದಲೇ ಒರೆಸಿ, ಬೀದಿಗಿಳಿದ. ಬಸ್ ಹೊರಡುವ ಹೊತ್ತಾಗಿತ್ತು. ಆದರೂ ಹಾದಿಯ ಆಚೆ ಬದಿಗೆ ಹೋಗಿ, ಬಗ್ಗಿ, ತೆರೆದ ಬಾಗಿಲೊಳಗೆ ದಿಟ್ಟಿಸಿದ.

“ಕಾಣತೀರಿ ಬೇ!” ಎಂದು ಅಲ್ಲಿಂದಲೇ ಕೂಗಿ, ಬಸ್ಸಿಗೆ ಓಡಿದ.