ಸೊಳ್ಳೆ ಸಾಕುತ್ತಿದ್ದ ಅಕ್ಕ

ಹತ್ತೊಂಬತ್ತು ವರ್ಷ ಅವಳು ಸೊಳ್ಳೆ ಸಾಕಿದಳು. ಕೀಟ ಸಂಶೋಧನಾಲಯದ ಹಿಂಬದಿಯ ಬೆಚ್ಚನೆಯ ಕೋಣೆಯಲ್ಲಿ ಬಿಳಿ ತಟ್ಟೆಗಳ ತುಂಬ ನೀರು, ನೀರಿನ ತುಂಬ ಕುಣಿಯುವ ಮರಿಹುಳು. ಅವಕ್ಕೆ ಮೀನಿನ ಆಹಾರ ಪುಡಿಮಾಡಿ ಉದುರಿಸಬೇಕು. ರೆಕ್ಕೆ ಬಂದವು ಬಲೆಪಂಜರ ಸೇರಿದ ಮೇಲೆ ಅವಳು ರವಿಕೆಯ ತೋಳು ಮಡಚಿ ತನ್ನ ಕೈಯನ್ನೇ ಒಳಗೆ ತೂರಿಸಿ ಕೂರುತ್ತಿದ್ದಳು. ಹೆಣ್ಣು ಸೊಳ್ಳೆಗೆ ರಕ್ತ ಸಿಗದಿದ್ದರೆ ಮೊಟ್ಟೆಯಿಲ್ಲ. ಹೊಸದರಲ್ಲಿ ಮೊಣಕೈವರೆಗೆ ದದ್ದು ಏಳುತ್ತಿತ್ತು. ಆಮೇಲೆ ಚರ್ಮಕ್ಕೇ ಬೇಜಾರಾಗಿ ಸುಮ್ಮನಾಯಿತು.

ಬೀದಿಯವರಿಗೆಲ್ಲ ಅವಳು ಸೊಳ್ಳೆ ಅಕ್ಕ. "ರಾತ್ರಿಯೆಲ್ಲ ನಿನ್ನ ಮಕ್ಕಳು ನಮ್ಮನೇಲೇ ಇದ್ರು ಕಣಕ್ಕ" ಎಂದು ಯಾರಾದರೂ ಕಾಲೆಳೆದರೆ, "ನನ್ನ ಮಕ್ಕಳು ಹೊಸಿಲು ದಾಟಲ್ಲ. ಅವು ನಿಮ್ಮ ಹೂಕುಂಡದವೇ, ಹೋಗಿ ನೋಡಿ" ಎನ್ನುತ್ತಿದ್ದಳು.

ಎರಡು ಬೀದಿ ಆಚೆ ಅವಳ ತಮ್ಮನ ವೆಲ್ಡಿಂಗ್ ಅಂಗಡಿ. ಕಾದ ಕಬ್ಬಿಣ ಅದ್ದಲು ಅವನು ಇಟ್ಟುಕೊಂಡಿದ್ದ ಡ್ರಮ್ಮಿನಲ್ಲಿ ಹುಳು ಕಂಡು ಅವಳು ಎರಡು ಸಲ ನೀರು ಚೆಲ್ಲಿ ಬಂದಿದ್ದಳು. "ಅಲ್ಲಿ ಸಾಕ್ತೀಯ, ಇಲ್ಲಿ ಕೊಲ್ತೀಯ. ಒಳ್ಳೆ ನೌಕರಿ!" ಎಂದು ತಮ್ಮ ನಕ್ಕಿದ್ದ.

ಹತ್ತೊಂಬತ್ತನೆಯ ವರ್ಷ ಊರಿಗೆ ಸೊಳ್ಳೆಯಿಂದ ಹರಡುವ ಜ್ವರ ಬಂತು. ಹನ್ನೊಂದು ಜನ ಸತ್ತರು. ಕೊನೆಯವಳು ತಮ್ಮನ ಮಗಳು. ಆರು ವರ್ಷದ ಕೂಸು ಮೂಗು ಬಾಯಲ್ಲಿ ರಕ್ತ ಕಾರುತ್ತ, ಆಸ್ಪತ್ರೆಯ ಬೆಂಚಿನ ಮೇಲೆ, ಈ ಅತ್ತೆಯ ತೊಡೆಯಲ್ಲೇ ಪ್ರಾಣ ಬಿಟ್ಟಿತು. ತಮ್ಮ ಗೋಡೆಗೆ ತಲೆ ಚಚ್ಚಿಕೊಂಡ. ಅವನನ್ನು ಹಿಡಿಯಲು ಮೂರು ಜನ ಬೇಕಾಯಿತು.

ಸಂಶೋಧನಾಲಯದವರೇ ಸೊಳ್ಳೆ ಬಿಟ್ಟಿದ್ದಾರೆ ಎಂದು ಯಾರೋ ಅಂದರು. ಮಾತಿಗೆ ಕೈಕಾಲು ಬಂತು. ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇನ್ನೂರು ಜನ ಗೇಟು ಮುರಿದು ನುಗ್ಗಿದರು.

ಕಾವಲುಗಾರ ಅಡ್ಡ ಬಂದ. ಒಂದೇ ಏಟಿಗೆ ಅವನ ದವಡೆ ಮುರಿದು, ಹಲ್ಲು ಮೆಟ್ಟಿಲ ಮೇಲೆ ಚೆಲ್ಲಿದವು. ಮುಖ್ಯಸ್ಥೆಯನ್ನು, ಅಂದರೆ ಅರವತ್ತು ದಾಟಿದ ವಿಜ್ಞಾನಿ ಮೇಡಂ ಅವರನ್ನು, ಜುಟ್ಟು ಹಿಡಿದು ಅಂಗಳಕ್ಕೆ ಎಳೆದರು. ಸೂಜಿ ಚುಚ್ಚಿಟ್ಟ ದುಂಬಿ, ಚಿಟ್ಟೆಗಳ ಕೋಣೆಗೆ ಬೆಂಕಿ ಬಿತ್ತು. ಮೂರು ತಲೆಮಾರು ಕೂಡಿಸಿದ್ದು ನುಸಿಗುಳಿಗೆಯ ಜೊತೆ ಭಗ್ಗೆಂದು ಹೊತ್ತಿಕೊಂಡಿತು. ಸಾಕಣೆ ಕೋಣೆಯ ತಟ್ಟೆಗಳನ್ನು ನೆಲಕ್ಕೆ ಬಡಿದು, ಜನ ಹುಳುಗಳನ್ನು ಚಪ್ಪಲಿಯಲ್ಲಿ ಹೊಸಕಿದರು.

ಅವಳಿಗೆ ಇದ್ದದ್ದು ಒಂದೇ ಭಯ, ಮೂಲೆಯ ಕೋಣೆಯದು. ಅಲ್ಲಿನ ಮುನ್ನೂರು ಸೊಳ್ಳೆಗಳಿಗೆ ಮಾತ್ರ ಬೇಕೆಂದೇ ಜ್ವರದ ರಕ್ತ ಕುಡಿಸಿದ್ದರು. ರೋಗಾಣು ಅವುಗಳ ಎಂಜಲಿಗೆ ಇಳಿಯಲು ಎಷ್ಟು ದಿನ ಬೇಕೆಂದು ತಿಳಿಯಲು. ಒಂದರ ಹಿಂದೊಂದು ಎರಡು ಬಾಗಿಲು ದಾಟಿದರೆ ಆ ಕೋಣೆ. ಅವಳು ಓಡಿಹೋಗಿ ಮೊದಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಗುಂಪಿನ ಮುಂದೆ ತಮ್ಮನೇ ಇದ್ದ, ಕೈಯಲ್ಲಿ ಕಬ್ಬಿಣದ ಸಲಾಕೆ.

"ಅಕ್ಕಾ, ದಾರಿ ಬಿಡು."

"ಬೇಡ ಕಣೋ. ಬೇರೆಲ್ಲ ಒಡೆದುಹಾಕಿ, ಇದೊಂದು ಬೇಡ. ಇದರೊಳಗಿರೋದಕ್ಕೆ ನಿಜವಾಗ್ಲೂ ಜ್ವರ ಇದೆ."

"ಕೇಳಿದ್ರಾ? ಬಾಯಿಬಿಟ್ಲು!" ಎಂದು ಹಿಂದಿನಿಂದ ಯಾರೋ ಕೂಗಿದ. ಕಲ್ಲೊಂದು ಬಂದು ಅವಳ ಹುಬ್ಬು ಸೀಳಿತು.

ಕಣ್ಣಿಗೆ ರಕ್ತ ಇಳಿಯುತ್ತಿದ್ದಂತೆ ಅವಳ ಮೈಯೆಲ್ಲ ಉರಿಯಿತು. ತಮ್ಮನ ಮುಖಕ್ಕೆ ಮುಖ ಕೊಟ್ಟು ಕಿರುಚಿದಳು: "ನಿನ್ನ ಮಗಳನ್ನ ಕೊಂದಿದ್ದು ನಿನ್ನ ಡ್ರಮ್ಮು ಕಣೋ! ಎರಡು ಸಲ ಹೇಳಿದೆ, ನಕ್ಕೆ. ನೀನೇ ಕೊಂದೆ!"

ಒಂದು ಗಳಿಗೆ ಅವನು ಕಲ್ಲಾದ. ಆ ಗಳಿಗೆಯಲ್ಲೇ ಅವಳು ಒಳಗೆ ಜಾರಿ, ಎರಡೂ ಬಾಗಿಲಿಗೆ ಚಿಲಕ ಹಾಕಿದಳು. ಗೋಡೆಯ ಗೂಡಿನಲ್ಲಿದ್ದ ಕೀಟನಾಶಕದ ಡಬ್ಬಿ ಕಿತ್ತು ಮೂರೂ ಪಂಜರಕ್ಕೆ ಹೊಡೆದಳು. ಉಸಿರು ಕಟ್ಟಿತು, ಗಂಟಲು ಸುಟ್ಟಿತು. ಡಬ್ಬಿ ಖಾಲಿಯಾಗುವವರೆಗೂ ಬಿಡಲಿಲ್ಲ. ಬಲೆಗೆ ಅಂಟಿ ಇನ್ನೂ ಕಾಲಾಡಿಸುತ್ತಿದ್ದವನ್ನು ಅಂಗೈಯಿಂದ ಒರೆಸಿ ಒರೆಸಿ ಕೊಂದಳು. ಹೊರಗಿನ ಬಾಗಿಲು ಮುರಿದ ಸದ್ದು, ಮತ್ತೆ ಒಳಗಿನದರ ಸದ್ದು.

ತಮ್ಮನ ಮೊದಲ ಏಟು ಅವಳ ಬಲಮೊಣಕೈಗೆ ಬಿತ್ತು. ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಎರಡನೆಯದೂ ಅಲ್ಲಿಗೇ. ಮೂರನೆಯದು ಕಿವಿಯ ಮೇಲೆ. ಆಮೇಲೆ ಅವಳಿಗೆ ಏನೂ ಗೊತ್ತಾಗಲಿಲ್ಲ.

ಆಸ್ಪತ್ರೆಗೆ ಅವಳ ಅಮ್ಮ ಬಂದಳು. ಮಂಚದ ಹತ್ತಿರ ಕೂರಲೂ ಇಲ್ಲ. "ಮಗಳು ಸತ್ತು ತಲೆಕೆಟ್ಟವನು. ಇದ್ದೊಬ್ಬ ತಮ್ಮನ್ನ ಜೈಲಿಗೆ ಹಾಕಿಸ್ತೀಯಾ? ಯಾರು ಹೊಡೆದ್ರೋ ಕಾಣ್ಲಿಲ್ಲ ಅನ್ನು."

"ಕಂಡಿತಲ್ಲಮ್ಮ."

"ಹಾಗಾದ್ರೆ ನಾನು ನಿನಗೆ ಅಮ್ಮ ಅಲ್ಲ ಅಂದ್ಕೋ," ಎಂದು ಮುದುಕಿ ಸೆರಗು ಕೊಡವಿ ಹೊರಟುಹೋದಳು.

ನ್ಯಾಯಾಲಯದಲ್ಲಿ ಅವಳು ಎಡಗೈ ಎತ್ತಿ ತಮ್ಮನನ್ನು ತೋರಿಸಿದಳು. ಕಾವಲುಗಾರನನ್ನು ಹೊಡೆದವನನ್ನೂ, ಮೇಡಂ ಅವರ ಜುಟ್ಟು ಹಿಡಿದವನನ್ನೂ ತೋರಿಸಿದಳು. ಇಳಿಯಿರಿ ಎಂದರೂ ಕಟಕಟೆಯಿಂದ ಇಳಿಯಲಿಲ್ಲ.

"ಇನ್ನೊಂದು ಮಾತಿದೆ ಸ್ವಾಮಿ. ಹೊಡೆಯೋಕೆ ಮುಂಚೆ ನಾನು ಅವನಿಗೆ, ನಿನ್ನ ಡ್ರಮ್ಮೇ ಮಗು ಕೊಂದಿದ್ದು ಅಂದೆ. ಅದು ನನಗೆ ಗೊತ್ತಿರಲಿಲ್ಲ. ಯಾವ ನೀರಿನ ಸೊಳ್ಳೆ ಯಾರನ್ನ ಕಚ್ಚಿತು ಅಂತ ಯಾರಿಂದಲೂ ಹೇಳೋಕಾಗಲ್ಲ. ಅಷ್ಟು ವರ್ಷ ಅಲ್ಲಿ ಕೆಲಸ ಮಾಡಿ, ಪುರಾವೆ ಇಲ್ಲದ ಮಾತು ಆಡಬಾರದು ಅಂತ ಕಲಿತವಳು ನಾನು. ಆದರೂ ನೋಯಲಿ ಅಂತಲೇ ಆಡಿದೆ. ಇದನ್ನೂ ಬರ್ಕೊಳ್ಳಿ."

ಬರೆದುಕೊಂಡರು. ತಮ್ಮನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು.

ಸುಟ್ಟ ಗೋಡೆಗೆ ಸುಣ್ಣ ಬಳಿದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಹಳೆಯ ತಳಿಯ ಒಂದು ಸೊಳ್ಳೆಯೂ ಉಳಿದಿರಲಿಲ್ಲ. ಬಾಟಲಿ ಹಿಡಿದು ಬೀದಿ ಬೀದಿ ಅಲೆದು, ಬಕೆಟ್ಟು, ಹಳೇ ಟೈರುಗಳಿಂದ ಹುಳು ಎತ್ತಿ ತಂದು ಮೊದಲಿಂದ ಶುರುಮಾಡಿದಳು. ಕೆಲವರು ಬಾಗಿಲು ಮುಚ್ಚಿದರು. ಒಬ್ಬಾಕೆ ಮೈಮೇಲೆ ಕೊಳೆನೀರು ಎರಚಿದಳು. ಅವಳು ಮುಖ ಒರೆಸಿಕೊಂಡು ಪಕ್ಕದ ಮನೆಗೆ ನಡೆದಳು.

ತಿಂಗಳಿಗೊಮ್ಮೆ ಜೈಲಿಗೆ ಹೋಗುತ್ತಿದ್ದಳು. ಐದು ತಿಂಗಳು ತಮ್ಮ ಬೆನ್ನು ತಿರುಗಿಸಿ ಕೂತ. ಅವಳೂ ಮಾತಾಡದೆ, ಹೊತ್ತು ಮುಗಿಯುವವರೆಗೆ ಕೂತು ಬರುತ್ತಿದ್ದಳು. ಆರನೇ ಸಲ ಅವನು ಈ ಕಡೆ ತಿರುಗಿದ.

"ಅಮ್ಮ ಹೇಗಿದ್ದಾಳೆ?"

"ನಿನ್ನನ್ನ ನೋಡೋಕೆ ಬರ್ತಾಳಲ್ಲ?"

"ಇಲ್ಲ. ಅಕ್ಕನ ಮೇಲೆ ಕೈ ಮಾಡಿದವನ ಮುಖ ನೋಡಲ್ಲ ಅಂತ ಹೇಳಿ ಕಳಿಸಿದ್ದಾಳೆ."

"ನನ್ನ ಹತ್ರಾನೂ ಮಾತು ಬಿಟ್ಟಿದ್ದಾಳೆ" ಎಂದಳು ಅವಳು.

ಜಾಲರಿಯ ಈಚೆಗೊಬ್ಬಳು, ಆಚೆಗೊಬ್ಬ. ಗಂಟೆ ಬಾರಿಸಿದರೂ ಇಬ್ಬರೂ ಏಳಲಿಲ್ಲ. ಕಾವಲಿನವನು ಎರಡು ಸಲ ಕೂಗಬೇಕಾಯಿತು.